ಚಾಕುವಿನ ಹೊಸ ಉಕ್ಕುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಪೀಣ್ಯದ ಒಂದು ಟೂಲ್ ರೂಂನಲ್ಲಿ ಇಪ್ಪತ್ತು ವರ್ಷ ಡೈ ಕೆಲಸ, ಅಂದರೆ ಲೋಹ ಒತ್ತುವ ಉಕ್ಕಿನ ಅಚ್ಚಿನ ಕೆಲಸ, ಮಾಡಿದವನು. ಚಾಕುವಿನ ಹುಚ್ಚು ಹತ್ತಿದ್ದು ಆಮೇಲೆ. ಮನೆಗೆ ಬಂದವರು, ಫೋನ್ ಮಾಡುವವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಹೊಸ ಚಾಕು ಕಾಗದವನ್ನ ಸರ್ರಂತ ಕತ್ತರಿಸುತ್ತೆ. ಅಂದ್ರೆ ಉಕ್ಕು ಒಳ್ಳೇದು ಅಂತಾನಾ?

ಅಲ್ಲ. ಸಾಣೆ ಹಿಡಿದರೆ ತಗಡೂ ಕಾಗದ ಕತ್ತರಿಸುತ್ತದೆ. ಆ ಹರಿತ ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ಉಕ್ಕಿನ ಪ್ರಶ್ನೆ. ಎರಡು ವಾರ ಅಡುಗೆ ಮಾಡಿ, ಆಮೇಲೆ ಹಣ್ಣಾದ ಟೊಮೆಟೊ ಮೇಲೆ ಇಟ್ಟು ನೋಡಿ.

ಹಾಗಾದ್ರೆ ಒಳ್ಳೆ ಉಕ್ಕು ಅಂದ್ರೆ ಏನು?

ಚಾಕುವಿನ ಉಕ್ಕಿನಿಂದ ನಾವು ಮುಖ್ಯವಾಗಿ ಮೂರು ಕೇಳುತ್ತೇವೆ. ಹರಿತ ಬಹಳ ದಿನ ನಿಲ್ಲಬೇಕು. ಬಾಯಿ, ಅಂದರೆ ಕತ್ತರಿಸುವ ಅಂಚು, ಚಕ್ಕೆ ಏಳಬಾರದು, ಮುರಿಯಬಾರದು. ತುಕ್ಕು ಹಿಡಿಯಬಾರದು. ತೊಂದರೆ ಏನಂದ್ರೆ, ಒಂದನ್ನು ಎಳೆದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ಸವೆಯದಂತೆ ಮಾಡಲು ಉಕ್ಕಿನೊಳಗೆ ಕಾರ್ಬೈಡ್ ಎಂಬ ಗಟ್ಟಿ ಹರಳುಗಳನ್ನು ತುಂಬಬೇಕು. ಹರಳು ಜಾಸ್ತಿಯಾದಷ್ಟೂ ಉಕ್ಕು ಪೆಡಸು. ಕಳೆದ ಐವತ್ತು ವರ್ಷಗಳ ಹೊಸ ಉಕ್ಕುಗಳೆಲ್ಲ ಈ ಜಗ್ಗಾಟದಲ್ಲಿ ಒಂದಿಷ್ಟು ಜಾಗ ಗಿಟ್ಟಿಸಿಕೊಂಡ ಕತೆ, ಅಷ್ಟೇ. ಮೂರರಲ್ಲೂ ನೂರಕ್ಕೆ ನೂರು ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಡಿ2 ಉಕ್ಕಿನಲ್ಲಿ 12% ಕ್ರೋಮಿಯಂ ಇದೆ, ಆದ್ರೂ ತುಕ್ಕು ಬರುತ್ತೆ. ಮ್ಯಾಗ್ನಾಕಟ್‌ನಲ್ಲಿ 10.7% ಮಾತ್ರ, ಅದಕ್ಕೆ ಬರಲ್ಲ ಅಂತಾರೆ. ಹೇಗೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ.

ತುಕ್ಕು ತಡೆಯುವುದು ಕ್ರೋಮಿಯಂ ನಿಜ. ಆದರೆ ಕಬ್ಬಿಣದ ಜೊತೆ ಬಿಡಿಯಾಗಿ ಬೆರೆತುಕೊಂಡಿರುವ ಕ್ರೋಮಿಯಂ ಮಾತ್ರ ಆ ಕೆಲಸ ಮಾಡುತ್ತದೆ. ಇಂಗಾಲ ಕಂಡರೆ ಕ್ರೋಮಿಯಂಗೆ ಬಹಳ ಪ್ರೀತಿ. ಡಿ2ರಲ್ಲಿ ಇಂಗಾಲ ಸುಮಾರು 1.5%. ಅಷ್ಟು ಇಂಗಾಲ ಸಿಕ್ಕಾಗ ಕ್ರೋಮಿಯಂನ ದೊಡ್ಡ ಪಾಲು ಅದರ ಜೊತೆ ಸೇರಿ ಕಾರ್ಬೈಡ್ ಆಗಿ ಕೂತುಬಿಡುತ್ತದೆ. ತೋಟ ಕಾಯಲು ಹನ್ನೆರಡು ಜನ ಬಂದಿದ್ದಾರೆ ಅಂತ ಲೆಕ್ಕದಲ್ಲಿದೆ, ಆದರೆ ಅರ್ಧ ಜನ ಒಳಗೆ ಅಡಿಕೆ ಸುಲಿಯುತ್ತಾ ಕೂತಿದ್ದಾರೆ ಅಂದುಕೊಳ್ಳಿ. ಬೇಲಿ ಹತ್ತಿರ ಯಾರಿದ್ದಾರೆ? ನಮ್ಮ ಟೂಲ್ ರೂಂಗಳಲ್ಲಿ ಎಚ್‌ಸಿಎಚ್‌ಸಿಆರ್, ಅಂದರೆ ಹೈ ಕಾರ್ಬನ್ ಹೈ ಕ್ರೋಮಿಯಂ, ಅಂತ ಕರೆಯುವುದು ಇದೇ ಕುಟುಂಬದ ಉಕ್ಕನ್ನು. ಮಳೆಗಾಲದಲ್ಲಿ ಎಣ್ಣೆ ಸವರದೆ ಬಿಟ್ಟ, ತೂತು ಒತ್ತುವ ಪಂಚ್ ಮೇಲೆ ಬೆಳಿಗ್ಗೆ ಕಂದು ಚುಕ್ಕಿ ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ.

ಮ್ಯಾಗ್ನಾಕಟ್ ಮಾಡಿದ್ದು ಲ್ಯಾರಿನ್ ಥಾಮಸ್ ಎಂಬ ಅಮೆರಿಕದ ಲೋಹಶಾಸ್ತ್ರಜ್ಞ. ಅವರ ತಂದೆ ಚಾಕು ಮಾಡುವವರಿಗೆ ಡಮಾಸ್ಕಸ್ ಎಂಬ, ಪದರ ಬೆಸೆದು ಗೆರೆ ಮೂಡಿಸಿದ ಉಕ್ಕು ಮಾಡಿಕೊಡುವವರು. ಉಕ್ಕು ಮಾರುಕಟ್ಟೆಗೆ ಬಂದದ್ದು 2021ರಲ್ಲಿ. ಥಾಮಸ್ ಇಂಗಾಲವನ್ನು 1.15%ಗೆ ಇಳಿಸಿದರು, ಅದರ ಜೊತೆ 4% ವನೇಡಿಯಂ, 2% ನಿಯೋಬಿಯಂ ಹಾಕಿದರು. ಸ್ವಲ್ಪ ಸಾರಜನಕವನ್ನೂ ಸೇರಿಸಿದರು. ಇಂಗಾಲಕ್ಕೆ ಕ್ರೋಮಿಯಂಗಿಂತ ವನೇಡಿಯಂ, ನಿಯೋಬಿಯಂ ಇನ್ನೂ ಹತ್ತಿರದ ನೆಂಟರು. ಅವು ಇಂಗಾಲವನ್ನು ಹಿಡಿದುಕೊಳ್ಳುತ್ತವೆ. ಸರಿಯಾಗಿ ಹದ ಹಾಕಿದ ಮೇಲೆ, ಅಂದರೆ ಕಾಯಿಸಿ ಆರಿಸಿ ಗಟ್ಟಿ ಮಾಡಿದ ಮೇಲೆ, ಕ್ರೋಮಿಯಂ ಕಾರ್ಬೈಡ್ ಉಳಿಯುವುದೇ ಇಲ್ಲ. 10.7% ಅಷ್ಟೂ ಬೇಲಿ ಕಾಯಲು ಸಿಗುತ್ತದೆ. ಅದಕ್ಕೇ ಹೇಳುವುದು, ಉಕ್ಕಿನ ಪಟ್ಟಿಯಲ್ಲಿ ಕ್ರೋಮಿಯಂ ಅಂಕಿ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ ಅಂತ.

ಸ್ಟೇನ್‌ಲೆಸ್ ಚಾಕು ಹರಿತ ನಿಲ್ಲಲ್ಲ ಅಂತ ನಮ್ಮಜ್ಜ ಹೇಳ್ತಿದ್ರು...

ನಿಮ್ಮಜ್ಜನ ಕಾಲಕ್ಕೆ ಅದು ಸರಿಯೇ. ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದಾಗ ಅಲ್ಲಿನ ಚಾಕು ಕಸುಬಿನವರೇ ಅವರನ್ನು "ಕತ್ತರಿಸದ ಚಾಕು ಕಂಡುಹಿಡಿದವನು" ಅಂತ ಗೇಲಿ ಮಾಡಿದ್ದರು. ಇವತ್ತಿಗೂ ಸಂತೆಯಲ್ಲಿ ಸಿಗುವ ಅಗ್ಗದ ಸ್ಟೇನ್‌ಲೆಸ್ ಚಾಕುಗಳಲ್ಲಿ ಇಂಗಾಲ ಕಡಿಮೆ, ಉಕ್ಕು ಮೆದು. ಅಜ್ಜನ ಮಾತು ಅವುಗಳಿಗೆ ಈಗಲೂ ಸಲ್ಲುತ್ತದೆ.

ಅಯಸ್ಕಾಂತ ಹಿಡಿದ್ರೆ ಅದು ಸ್ಟೇನ್‌ಲೆಸ್ ಅಲ್ಲ, ಅಲ್ವಾ?

ಪಾತ್ರೆ ಅಂಗಡಿಯ ಪಾಠ ಇದು. ಒಳ್ಳೆ ಪಾತ್ರೆಗೆ ಬಳಸುವ 304 ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಅದನ್ನು ಕಾಯಿಸಿ ಗಟ್ಟಿ ಮಾಡಲು ಆಗುವುದಿಲ್ಲ. ಚಾಕುವಿಗೆ ಬಳಸುವ ಸ್ಟೇನ್‌ಲೆಸ್ ಬೇರೆ ಜಾತಿ. ಅದು ಅಂಟಲೇಬೇಕು. ಅಂಟದಿದ್ದರೆ ಅನುಮಾನ ಪಡಿ.

ಪೌಡರ್ ಸ್ಟೀಲ್ ಅಂದ್ರೆ ಏನು? ಪುಡಿಯಿಂದ ಚಾಕು ಮಾಡ್ತಾರಾ?

ಹೌದು, ಹೆಚ್ಚುಕಡಿಮೆ ಹಾಗೇ.

ಮೊದಲು ಹಳೆ ರೀತಿ ನೋಡಿ. ಕರಗಿದ ಉಕ್ಕನ್ನು ದೊಡ್ಡ ಅಚ್ಚಿಗೆ ಹುಯ್ಯುತ್ತಾರೆ. ಅದು ದಪ್ಪ ದಿಮ್ಮಿ, ಆರಲು ಗಂಟೆಗಟ್ಟಲೆ ಬೇಕು. ನಿಧಾನಕ್ಕೆ ಆರುವಾಗ ಕಾರ್ಬೈಡ್‌ಗಳು ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ, ಒಂದೇ ಕಡೆ ಗುಂಪು ಕಟ್ಟುತ್ತವೆ. ಪಾಯಸದಲ್ಲಿ ಗೋಡಂಬಿಯೆಲ್ಲ ಒಬ್ಬನ ಎಲೆಗೇ ಬಿದ್ದಂತೆ. ಮಾಮೂಲಿ ಡಿ2ರಲ್ಲಿ ಈ ಹರಳುಗಳು ಹತ್ತಾರು ಮೈಕ್ರಾನ್ ಇರುತ್ತವೆ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಹರಿತವಾದ ಬಾಯಿಯ ತುದಿ ಒಂದು ಮೈಕ್ರಾನ್‌ಗಿಂತಲೂ ತೆಳು. ಅಂಥ ತುದಿಯಲ್ಲಿ ಅಷ್ಟು ದಪ್ಪ ಕಲ್ಲು ಕೂತರೆ ಏನಾಗುತ್ತದೆ? ಕಿತ್ತು ಬರುತ್ತದೆ, ಅಲ್ಲೊಂದು ಹಲ್ಲು ಬೀಳುತ್ತದೆ.

ಪೌಡರ್ ರೀತಿ ಅಂದರೆ ಬೂಂದಿ ಲಾಡು. ಕರಗಿದ ಉಕ್ಕನ್ನು ಸಣ್ಣ ತೂತಿನಿಂದ ಇಳಿಬಿಟ್ಟು, ಜೋರು ಒತ್ತಡದ ಸಾರಜನಕ ಗಾಳಿಯಿಂದ ಚದುರಿಸುತ್ತಾರೆ. ಒಂದೊಂದು ಹನಿಯೂ ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗಿ ಸಣ್ಣ ಗುಂಡು ಆಗುತ್ತದೆ. ಅಷ್ಟು ಬೇಗ ಆರಿದರೆ ಕಾರ್ಬೈಡ್‌ಗೆ ಬೆಳೆಯಲು ಪುರುಸೊತ್ತೇ ಇಲ್ಲ. ಆ ಪುಡಿಯನ್ನು ಉಕ್ಕಿನ ಡಬ್ಬದಲ್ಲಿ ತುಂಬಿ, ಗಾಳಿ ತೆಗೆದು, ಬಾಯಿ ಮುಚ್ಚಿ, ಸುಮಾರು 1100 ಡಿಗ್ರಿಯಲ್ಲಿ ವಾತಾವರಣದ ಒತ್ತಡದ ಸಾವಿರ ಪಟ್ಟು ಒತ್ತುತ್ತಾರೆ. ಬೂಂದಿ ಲಾಡು ಆಯಿತು. ವ್ಯತ್ಯಾಸ ಏನಂದರೆ ಈ ಲಾಡು ಪುಡಿಯಾಗುವುದಿಲ್ಲ. ಗುಂಡುಗಳು ಬೆಸೆದು ಒಂದೇ ತುಂಡಾಗುತ್ತವೆ, ಆಮೇಲೆ ಅದನ್ನು ತಟ್ಟಿ, ಉರುಳಿಸಿ ಹಾಳೆ ಮಾಡುತ್ತಾರೆ. ಒಳಗಿನ ಕಾರ್ಬೈಡ್ ಕೆಲವೇ ಮೈಕ್ರಾನ್, ಎಲ್ಲ ಕಡೆ ಸಮ.

ಅಮೆರಿಕದ ಸಿರಕ್ಯೂಸ್ ಬಳಿಯ ಕ್ರೂಸಿಬಲ್ ಕಂಪನಿ 1970ರ ಸುಮಾರಿಗೆ ಇದನ್ನು ವ್ಯಾಪಾರಕ್ಕೆ ತಂದಿತು. ಉಕ್ಕಿನ ಹೆಸರಿನ ಮುಂದೆ ಸಿಪಿಎಂ ಅಂತ ಕಂಡರೆ ಅದು ಅವರ ರೀತಿಯ ಪುಡಿ ಉಕ್ಕು. ಆ ಕಂಪನಿ 2024ರ ಕೊನೆಗೆ ದಿವಾಳಿ ಅರ್ಜಿ ಹಾಕಿತು, ಅದರ ಆಸ್ತಿಯ ಒಂದು ಭಾಗವನ್ನು ಫ್ರಾನ್ಸಿನ ಇರಾಸ್ಟೀಲ್ ಕೊಂಡಿತು. ಚಾಕು ಹುಚ್ಚಿನವರು ಆಗ ಗಾಬರಿಯಾಗಿ ಉಕ್ಕಿನ ತುಂಡುಗಳನ್ನು ಕೂಡಿಡಲು ಶುರು ಮಾಡಿದ್ದರು. ನಾನೂ ಎರಡು ತುಂಡು ತರಿಸಿಟ್ಟೆ, ಸುಳ್ಳು ಯಾಕೆ ಹೇಳಲಿ.

ಎಸ್30ವಿ, ಎಂ390, ವಿಜಿ10... ಈ ಹೆಸರುಗಳಿಗೆ ತಲೆಬುಡ ಏನು?

ಒಂದೊಂದು ಕಂಪನಿಯ ಒಂದೊಂದು ಲೆಕ್ಕ. ಎಸ್30ವಿ 2001ರಲ್ಲಿ ಬಂತು. ಅಚ್ಚು, ಡೈಗಳಿಗೆ ಮಾಡಿದ ಉಕ್ಕನ್ನು ಎರವಲು ತರದೆ, ಚಾಕುವಿಗೇ ಅಂತ ಕೂತು ಮಾಡಿದ ಪುಡಿ ಉಕ್ಕು ಅದು. 14% ಕ್ರೋಮಿಯಂ, 4% ವನೇಡಿಯಂ. ಎಂ390 ಆಸ್ಟ್ರಿಯಾದ ಬೋಲರ್ ಕಂಪನಿಯದು. ಅದು ಹುಟ್ಟಿದ್ದು ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರದ ಭಾಗಗಳಿಗೆ. ಬಿಸಿ ಪ್ಲಾಸ್ಟಿಕ್ ಜೊತೆ ಗಾಜಿನ ಎಳೆ ಉಜ್ಜಿದರೂ ಸವೆಯಬಾರದು, ತುಕ್ಕೂ ಹಿಡಿಯಬಾರದು. ಚಾಕುವಿನವರು ನೋಡಿ, ನಮಗೂ ಬೇಕಾದದ್ದು ಇದೇ ಅಲ್ವಾ ಅಂದರು. 20% ಕ್ರೋಮಿಯಂ ಇರುವ ಉಕ್ಕು.

ವಿಜಿ10 ಜಪಾನಿನ ಫುಕುಯಿ ಪ್ರಾಂತ್ಯದ ಟಕೆಫು ಕಂಪನಿಯದು. ಇದು ಪುಡಿ ಉಕ್ಕಲ್ಲ. ಜಪಾನಿ ಅಡುಗೆ ಚಾಕುಗಳಲ್ಲಿ ಇದನ್ನೇ ಜಾಸ್ತಿ ಕಾಣುತ್ತೀರಿ. ಜರ್ಮನ್ ಅಡುಗೆ ಚಾಕುಗಳ ಮೇಲೆ ಎಕ್ಸ್50 ಅಂತ ಶುರುವಾಗುವ ಉದ್ದನೆ ಹೆಸರು ಇರುತ್ತದೆ. ಅದರ ಅರ್ಥ 0.5% ಇಂಗಾಲ. ಮೆದು, ಆದರೆ ಒರಟಾಗಿ ಬಳಸಿದರೂ ತಡೆದುಕೊಳ್ಳುತ್ತದೆ.

14ಸಿ28ಎನ್, ಎಇಬಿ-ಎಲ್ ಎರಡೂ ಸ್ವೀಡನ್ ಕಡೆಯವು. ಎಇಬಿ-ಎಲ್ ಮೊದಲು ಗಡ್ಡ ಬೋಳಿಸುವ ಬ್ಲೇಡಿನ ಉಕ್ಕು. ಪುಡಿ ಮಾಡದೆಯೇ ಕಾರ್ಬೈಡ್ ಸಣ್ಣಗಿರುವ ಹಾಗೆ ಇಂಗಾಲ, ಕ್ರೋಮಿಯಂ ಎರಡನ್ನೂ ಅಳೆದು ಹಾಕಿದ್ದಾರೆ. ದೊಡ್ಡ ಹೆಸರಿಲ್ಲ, ಬೆಲೆ ಕಡಿಮೆ, ಕೆಲಸ ಅಚ್ಚುಕಟ್ಟು. ನನ್ನ ಮಟ್ಟಿಗೆ ಅಡುಗೆಮನೆಗೆ ಇದಕ್ಕಿಂತ ಜಾಣ ಉಕ್ಕು ಇಲ್ಲ.

60 ಎಚ್‌ಆರ್‌ಸಿ, 62 ಎಚ್‌ಆರ್‌ಸಿ ಅಂತ ಬರೆದಿರ್ತಾರೆ. ಜಾಸ್ತಿ ಇದ್ದಷ್ಟೂ ಒಳ್ಳೇದಾ?

ಅದು ಗಡಸುತನದ ಅಳತೆ. ವಜ್ರದ ಮೊನೆಯನ್ನು 150 ಕಿಲೋ ಭಾರದಲ್ಲಿ ಒತ್ತಿ, ಎಷ್ಟು ಆಳ ಇಳಿಯಿತು ಅಂತ ನೋಡುತ್ತಾರೆ. ಜರ್ಮನ್ ಅಡುಗೆ ಚಾಕು 55ರಿಂದ 58, ಜಪಾನಿಯದ್ದು 60ರ ಆಸುಪಾಸು. ಗಡಸು ಜಾಸ್ತಿ ಆದರೆ ತೆಳು ಬಾಯಿ ಮಡಚಿಕೊಳ್ಳದೆ ನಿಲ್ಲುತ್ತದೆ, ಆದರೆ ತೆಂಗಿನ ಚಿಪ್ಪಿಗೆ ತಾಗಿದರೆ ಚಕ್ಕೆ ಏಳುತ್ತದೆ. ಮಚ್ಚಿಗೆ 62 ಕೊಟ್ಟರೆ ಹುಚ್ಚುತನ. ತರಕಾರಿ ಚಾಕುವಿಗೆ 52 ಕೊಟ್ಟರೆ ಮೋಸ.

ಮೋಸ ಅಂದ್ರಲ್ಲ, ನಿಮಗೆ ಆಗಿದೆಯಾ?

ಆಗಿದೆ. ಆನ್‌ಲೈನಿನಲ್ಲಿ ಒಂದು ಚಾಕು ತರಿಸಿದ್ದೆ. ಅಲಗಿನ ಮೇಲೆ ಚೆಂದವಾಗಿ ವಿಜಿ10 ಅಂತ ಕೊರೆದಿತ್ತು. ಮೂರನೇ ದಿನಕ್ಕೆ ಈರುಳ್ಳಿ ಜಾರಲು ಶುರುವಾಯಿತು. ಹಿಂಭಾಗಕ್ಕೆ ಸಣ್ಣ ಅರ ಹಾಕಿ ನೋಡಿದೆ. ಗಟ್ಟಿ ಉಕ್ಕಿನ ಮೇಲೆ ಅರ ಗಾಜಿನ ಮೇಲೆ ಎಳೆದಂತೆ ಕಿರ್ ಅಂತ ಜಾರಬೇಕು. ಇಲ್ಲಿ ಬೆಣ್ಣೆ ಕೆರೆದ ಹಾಗೆ ಕಚ್ಚಿತು, ಪುಡಿ ಉದುರಿತು. ಗೆಳೆಯನ ಹೀಟ್ ಟ್ರೀಟ್‌ಮೆಂಟ್ ಶೆಡ್ಡಿಗೆ ಒಯ್ದು ಮೂರು ಕಡೆ ಒತ್ತಿಸಿದೆ. 51, 52, 51. ಹೆಸರು ಕೆತ್ತಿಸುವುದಕ್ಕೆ ಲೇಸರ್ ಸಾಕು, ಉಕ್ಕು ಬೇಕಾಗಿಲ್ಲ.

ಅಂದ್ರೆ ಉಕ್ಕು ಅಸಲಿ ಆಗಿದ್ರೆ ಸಾಕಾ?

ಸಾಲದು. ಹದ ಬೇಕು. ನಾನು ಈ ಪುಟ ಬರೆಯಲು ಕೂತದ್ದೇ ಇದನ್ನು ಹೇಳಲು.

ಡಿ2 ತುಂಡಿನಿಂದ ನಾನು ಮೊದಲ ಚಾಕು ಮಾಡಿದಾಗ ಅದನ್ನು ಡೈ ಭಾಗಗಳ ಜೊತೆಗೇ ಕುಲುಮೆಗೆ ಹಾಕಿಸಿದ್ದೆ. ಡೈಗೆ ಬೇಕಾದ ಹದ ಬೇರೆ. ಪೆಟ್ಟು ತಿನ್ನಬೇಕಾದ ಡೈಗೆ ಸುಮಾರು 500 ಡಿಗ್ರಿಯಲ್ಲಿ ಟೆಂಪರ್ ಮಾಡುತ್ತಾರೆ, ಅಂದರೆ ಗಟ್ಟಿ ಮಾಡಿದ ಮೇಲೆ ಪೆಡಸು ಇಳಿಸಲು ಮತ್ತೆ ಕಾಯಿಸುತ್ತಾರೆ. ನನ್ನ ಚಾಕುವಿಗೂ ಅದೇ ಬಿತ್ತು. ಗಡಸು ಕಡಿಮೆ, ತುಕ್ಕೂ ಬೇಗ ಬಂತು, ಯಾಕಂದ್ರೆ ಅಷ್ಟು ಬಿಸಿಯಲ್ಲಿ ಉಳಿದ ಬಿಡಿ ಕ್ರೋಮಿಯಂ ಕೂಡ ಕಾರ್ಬೈಡ್ ಆಗಿಬಿಡುತ್ತದೆ. ಎರಡನೆಯದನ್ನು ಬೇರೆಯಾಗಿ ಮಾಡಿಸಿದೆ. ಸುಮಾರು 1020 ಡಿಗ್ರಿಗೆ ಕಾಯಿಸಿ, ಆರಿಸಿ, ಒಣ ಮಂಜುಗಡ್ಡೆಯಲ್ಲಿ ಇಟ್ಟು, 200 ಡಿಗ್ರಿಯಲ್ಲಿ ಎರಡು ಸಲ ಟೆಂಪರ್. 61 ಬಂತು. ಒಂದೇ ಹಾಳೆಯಿಂದ ಕತ್ತರಿಸಿದ ಎರಡು ತುಂಡು, ಎರಡು ಬೇರೆ ಬೇರೆ ಚಾಕು.

ಒಣ ಮಂಜುಗಡ್ಡೆ ಯಾಕೆ ಅಂತ ಕೇಳುತ್ತಾರೆ. ಕಾಯಿಸಿ ಆರಿಸಿದಾಗ ಉಕ್ಕಿನ ಒಂದಿಷ್ಟು ಭಾಗ ಗಟ್ಟಿಯಾಗದೆ ಹಾಗೇ ಉಳಿಯುತ್ತದೆ. ಸೊನ್ನೆಗಿಂತ ಕೆಳಗೆ ತಣ್ಣಗೆ ಮಾಡಿದರೆ ಅದರಲ್ಲೂ ಬಹುಪಾಲು ಗಟ್ಟಿಯಾಗುತ್ತದೆ. ಒಣ ಮಂಜುಗಡ್ಡೆ ಮೈನಸ್ 78, ದ್ರವ ಸಾರಜನಕ ಮೈನಸ್ 196.

ಹಾಗಾದ್ರೆ ನಮ್ಮೂರ ಕಮ್ಮಾರ ಲಾರಿ ಕಮಾನು ಪಟ್ಟಿಯಿಂದ ಮಾಡಿಕೊಟ್ಟ ಕತ್ತಿ ಕೀಳಾ?

ಯಾರು ಹೇಳಿದ್ದು? ಕಮಾನು ಪಟ್ಟಿ ಸುಮಾರು 0.6% ಇಂಗಾಲದ ಸ್ಪ್ರಿಂಗ್ ಉಕ್ಕು. ಅದರಲ್ಲಿ ದೊಡ್ಡ ಕಾರ್ಬೈಡ್ ಇಲ್ಲ, ಅದಕ್ಕೇ ಪೆಟ್ಟಿಗೆ ಜಗ್ಗುವುದಿಲ್ಲ. ಎಂ390 ಮಚ್ಚು ಹಿಡಿದು ಬಿದಿರು ಕಡಿದರೆ ನಾಲ್ಕೇ ಏಟಿಗೆ ಬಾಯಿ ಗರಗಸ ಆಗುತ್ತದೆ. ಕಮಾನು ಪಟ್ಟಿ ಕತ್ತಿ ಹೆಚ್ಚೆಂದರೆ ಬಾಗೀತು, ಮುರಿಯಲ್ಲ. ತುಕ್ಕು ಬರುತ್ತದೆ, ಹರಿತವೂ ಬೇಗ ಇಳಿಯುತ್ತದೆ. ಆದರೆ ಜಗಲಿಕಟ್ಟೆಯ ಕಲ್ಲಿಗೆ ನಾಲ್ಕು ಸಲ ಉಜ್ಜಿದರೆ ಮತ್ತೆ ಬಂತಲ್ಲ. ಕಬ್ಬಿಣದ ಬಣ್ಣ ನೋಡಿ ಬಿಸಿ ಅಳೆಯುವ ಕಮ್ಮಾರ ನಿಮ್ಮೂರಲ್ಲಿ ಇನ್ನೂ ಇದ್ದರೆ ಒಂದು ಕತ್ತಿ ಮಾಡಿಸಿಟ್ಟುಕೊಳ್ಳಿ.

ಬಳಸಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಅದೊಂದು ಅಪಾಯ. ಹೊಸ ಪಟ್ಟಿ ಸಿಕ್ಕರೆ ಒಳ್ಳೆಯದು.

ನಮ್ಮ ಹಳೆ ಉಕ್ಕು ಜಗತ್ತಿಗೇ ಹೋಗ್ತಿತ್ತಂತೆ. ಅದು ಈಗಿನ ಉಕ್ಕಿಗಿಂತ ಮೇಲಾ?

ಹೋಗುತ್ತಿತ್ತು, ನಿಜ. ಆ ಉಕ್ಕಿಗೆ ಇಂಗ್ಲಿಷಿನಲ್ಲಿರುವ "ವೂಟ್ಜ್" ಎಂಬ ಹೆಸರು ನಮ್ಮ "ಉಕ್ಕು" ಪದದಿಂದಲೇ ಬಂದದ್ದು ಅಂತ ಹೆಚ್ಚಿನವರು ಒಪ್ಪುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾರೆ. ವಿಜ್ಞಾನಿ ಮೈಕೆಲ್ ಫ್ಯಾರಡೆ ಕೂಡ ಈ ಉಕ್ಕಿನ ಗುಟ್ಟು ಹುಡುಕಿ ಪ್ರಯೋಗ ಮಾಡಿದವರೇ.

ಆದರೆ ಚಾಕುವಾಗಿ ಈಗಿನದಕ್ಕಿಂತ ಮೇಲು ಅಂದರೆ ಒಪ್ಪಲಾರೆ. ತುಕ್ಕು ಬರುತ್ತಿತ್ತು, ಪೆಡಸೂ ಇತ್ತು. ನನಗೆ ಅಚ್ಚರಿ ತರುವುದು ಬೇರೆ. ಆ ಉಕ್ಕಿನ ಅಲಗುಗಳ ಮೇಲಿನ ನೀರಿನ ಅಲೆಯಂಥ ಗೆರೆ ಹೇಗೆ ಬರುತ್ತಿತ್ತು ಅಂತ ಅಮೆರಿಕದ ಪ್ರೊಫೆಸರ್ ಜಾನ್ ವೆರ್‌ಹೂವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಸೇರಿ ವರ್ಷಗಟ್ಟಲೆ ಹುಡುಕಿದರು. ಅದಿರಿನಲ್ಲೇ ಬೆರೆತಿದ್ದ ವನೇಡಿಯಂ, ಅದೂ ಲಕ್ಷದಲ್ಲಿ ಕೆಲವೇ ಭಾಗ, ಕಾರ್ಬೈಡ್‌ಗಳನ್ನು ಸಾಲಾಗಿ ಕೂರಿಸುತ್ತಿತ್ತು ಅಂತ ತೋರಿಸಿದರು. ನಮ್ಮ ಮೂಸೆಯವರಿಗೆ ವನೇಡಿಯಂ ಅನ್ನುವ ಹೆಸರೇ ಗೊತ್ತಿರಲಿಲ್ಲ. ಇವತ್ತು ಅದೇ ಲೋಹವನ್ನು ಲೆಕ್ಕ ಹಾಕಿ 4%, 9% ಅಂತ ಸುರಿಯುತ್ತಾರೆ.

ಅಂಗಡಿಯಲ್ಲಿ ಸಿಗೋ, ಅಂಥದ್ದೇ ಅಲೆ ಗೆರೆಯ ಡಮಾಸ್ಕಸ್ ಚಾಕು ಅದೇನಾ?

ಅಲ್ಲ. ಅದು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಆಸಿಡ್‌ನಲ್ಲಿ ಅದ್ದಿದ್ದು. ಅಂದಕ್ಕೆ ಒಳ್ಳೆಯದು. ಕತ್ತರಿಸುವುದು ನಡುವಿನ ಒಂದು ಪದರ. ತೀರಾ ಅಗ್ಗದ್ದಾದರೆ ಗೆರೆಯನ್ನೂ ಲೇಸರ್‌ನಲ್ಲಿ ಬರೆದಿರುತ್ತಾರೆ. ನುಣ್ಣನೆ ಮರಳು ಕಾಗದದಿಂದ ಒಂದು ಮೂಲೆ ಉಜ್ಜಿ, ನಿಂಬೆರಸ ಹಚ್ಚಿಡಿ. ಗೆರೆ ಮತ್ತೆ ಮಂಕಾಗಿಯಾದರೂ ಕಂಡರೆ ಪದರ ಇದೆ.

ಈ ಹೊಸ ಉಕ್ಕುಗಳಿಗೆ ಸಾಣೆ ಹಿಡಿಯೋದು ಕಷ್ಟವಂತೆ?

ವನೇಡಿಯಂ ಜಾಸ್ತಿ ಇದ್ದರೆ ಹೌದು. ಗಟ್ಟಿ ಮಾಡಿದ ಉಕ್ಕಿನ ಗಡಸು ವಿಕರ್ಸ್ ಎಂಬ ಇನ್ನೊಂದು ಅಳತೆಯಲ್ಲಿ ಸುಮಾರು 700. ಕ್ರೋಮಿಯಂ ಕಾರ್ಬೈಡ್ 1500ರ ಆಸುಪಾಸು. ಮಾಮೂಲಿ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡ್ 2000. ವನೇಡಿಯಂ ಕಾರ್ಬೈಡ್ 2800. ಕಲ್ಲಿಗಿಂತ ಹರಳೇ ಗಟ್ಟಿ! ಕಲ್ಲು ಸುತ್ತಲಿನ ಉಕ್ಕನ್ನು ಕೆರೆಯುತ್ತದೆ, ಹರಳನ್ನು ಮುಟ್ಟುವುದಿಲ್ಲ. ಎಸ್30ವಿ ಮಟ್ಟಕ್ಕೆ ಮಾಮೂಲಿ ಕಲ್ಲಿನಲ್ಲೇ ತಾಳ್ಮೆಯಿಂದ ನಿಭಾಯಿಸಬಹುದು. 9% ವನೇಡಿಯಂನ ಎಸ್90ವಿ ತಂದರೆ ಜೊತೆಗೆ ವಜ್ರದ ಪ್ಲೇಟನ್ನೂ ತನ್ನಿ.

ಒಂದು ಎಚ್ಚರಿಕೆ. ಸೈಕಲ್ ಮೇಲೆ ಚಕ್ರ ತಿರುಗಿಸುತ್ತಾ ಬರುವ ಸಾಣೆಯವರಿಗೆ ಇಂಥ ಚಾಕು ಕೊಡಬೇಡಿ. ಅವರ ಕೆಲಸದ ಮೇಲೆ ನನಗೆ ಗೌರವ ಇದೆ, ಈಳಿಗೆಗೆ ಅವರೇ ಸರಿ. ಆದರೆ ನೀರಿಲ್ಲದ ಚಕ್ರದಲ್ಲಿ ಕಿಡಿ ಹಾರುವಾಗ ತೆಳು ಬಾಯಿ ಕ್ಷಣದಲ್ಲಿ ಕಾಯುತ್ತದೆ. ಅಂಚು ನೀಲಿಯಾದರೆ ಅಷ್ಟು ಭಾಗದ ಹದ ಹೋಯಿತು, ತಣ್ಣೀರಿಗೆ ಅದ್ದಿದರೂ ಅದು ಮರಳಿ ಬರುವುದಿಲ್ಲ.

ಇನ್ನೊಂದು ಮಾತು. ಬಾಯಿಯ ಕೋನ ಉಕ್ಕಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಒಂದೊಂದು ಬದಿಗೆ 15 ಡಿಗ್ರಿ ಹಿಡಿದ ಸಾಧಾರಣ ಉಕ್ಕು, 25 ಡಿಗ್ರಿ ಹಿಡಿದ ದುಬಾರಿ ಉಕ್ಕಿಗಿಂತ ಚೆನ್ನಾಗಿ ಕತ್ತರಿಸುತ್ತದೆ.

ಹುಣಸೆ, ನಿಂಬೆ, ಮಾವಿನಕಾಯಿಗೆ ತಡೆಯುತ್ತಾ?

ಸ್ಟೇನ್‌ಲೆಸ್ ಆದರೆ ತಡೆಯುತ್ತದೆ, ತೊಳೆದು ಒರೆಸಿಟ್ಟರೆ. ಉಪ್ಪಿನಕಾಯಿಗೆ ಹೆಚ್ಚಿ ಹಾಗೇ ಸಿಂಕಿನಲ್ಲಿ ರಾತ್ರಿ ಬಿಟ್ಟರೆ ಯಾವುದರ ಮೇಲೂ ಭರವಸೆ ಬೇಡ. ಕಾರ್ಬನ್ ಉಕ್ಕು ಮಾವಿನಕಾಯಿಗೆ ಕಪ್ಪಾಗುತ್ತದೆ, ಹೋಳಿಗೂ ಬಣ್ಣ ಬರುತ್ತದೆ. ಹಲಸಿನ ಮೇಣಕ್ಕೆ ಉಕ್ಕು ಯಾವುದಾದರೇನು, ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಅಮೆರಿಕದಿಂದ ಅಕ್ಕ ಬರ್ತಿದ್ದಾಳೆ. ಏನು ತರಲು ಹೇಳಲಿ?

ಚಾಕುವನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕಲು ಹೇಳಿ, ಕೈಚೀಲದಲ್ಲಿ ಇಟ್ಟರೆ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಾಗುತ್ತದೆ. ಒಂದೇ ತರುವುದಾದರೆ ಮ್ಯಾಗ್ನಾಕಟ್ ಅಥವಾ ಎಇಬಿ-ಎಲ್‌ನ ಅಡುಗೆ ಚಾಕು, ಹದ ಯಾರು ಹಾಕಿದ್ದು, ಗಡಸು ಎಷ್ಟು ಅಂತ ತಯಾರಕರು ಬಾಯಿಬಿಟ್ಟು ಹೇಳುವಂಥದ್ದು. ಅಷ್ಟು ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಎರಡು ಬದಿಯ ಒಂದು ಒಳ್ಳೆ ಸಾಣೆಕಲ್ಲು ತರಲು ಹೇಳಿ. ಮನೆಯಲ್ಲಿರುವ ಎಲ್ಲ ಚಾಕುಗಳೂ ಅದರಿಂದ ಹೊಸದಾಗುತ್ತವೆ.

ನೀವು ದಿನಾ ಬಳಸೋದು ಯಾವುದು?

ತರಕಾರಿಗೆ 14ಸಿ28ಎನ್ ಚಾಕು, ಆರು ವರ್ಷ ಆಯಿತು. ಭಾನುವಾರ ಕಾಫಿ ಆದ ಮೇಲೆ ಹತ್ತು ನಿಮಿಷ ಕಲ್ಲಿಗೆ ಹಿಡಿಯುತ್ತೇನೆ. ತೆಂಗಿನಕಾಯಿ, ಹಲಸು, ಮೀನಿನ ತಲೆ ಎಲ್ಲ ಅಮ್ಮನ ಹಳೆ ಕತ್ತಿಗೆ, ಅದು ಕಮಾನು ಪಟ್ಟಿಯದೇ. ದುಡ್ಡು ಸುರಿದು ತಂದ ಎಂ390 ಮಡಚುವ ಚಾಕು ಮೇಜಿನ ಡ್ರಾಯರ್‌ನಲ್ಲಿದೆ. ಕೊರಿಯರ್ ಡಬ್ಬ ಬಂದರೆ ಅದಕ್ಕೆ ಕೆಲಸ.